ಗಿಡಕ್ಕೆ ಆಹಾರ ಎಲ್ಲಿಂದ ಬರುತ್ತದೆ? ಪ್ರಾಥಮಿಕ ತರಗತಿಯಲ್ಲಿ ಸಸ್ಯಭಾಗಗಳ ಪಾಠ

(ಪ್ರಾಥಮಿಕ ಶಾಲಾ ಶಿಕ್ಷಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾಲ್ಕನೇ ತರಗತಿಯ ಮಕ್ಕಳನ್ನು "ಗಿಡಕ್ಕೆ ಆಹಾರ ಎಲ್ಲಿಂದ ಬರುತ್ತದೆ?" ಎಂದು ಕೇಳಿ ನೋಡಿ. "ಮಣ್ಣಿನಿಂದ, ಬೇರು ಹೀರಿಕೊಳ್ಳುತ್ತದೆ" ಎನ್ನುವವರೇ ಹೆಚ್ಚು. ಅದೇ ಮಕ್ಕಳಿಗೆ ಎಲೆಯ ಕೆಲಸವೇನು ಎಂದು ಕೇಳಿದರೆ "ಆಹಾರ ತಯಾರಿಸುವುದು" ಎಂಬ ಉತ್ತರವೂ ಸರಾಗವಾಗಿ ಬರುತ್ತದೆ. ಎರಡೂ ಉತ್ತರಗಳು ಒಂದೇ ತಲೆಯಲ್ಲಿ, ಒಂದಕ್ಕೊಂದು ತಾಗದೆ ಕುಳಿತಿರುತ್ತವೆ. ಇದು ಮಕ್ಕಳ ತಪ್ಪಲ್ಲ. ಬೇರು, ಕಾಂಡ, ಎಲೆ, ಹೂ, ಹಣ್ಣು, ಬೀಜ ಎಂದು ಆರು ಹೆಸರು ಬರೆಸಿ, ಎದುರಿಗೆ ಆರು ಕೆಲಸ ಬರೆಸಿ ಪಾಠ ಮುಗಿಸುತ್ತೇವಲ್ಲ, ತೊಡಕು ಇರುವುದು ಅಲ್ಲಿ. ಆಹಾರ ಎಲ್ಲಿ ತಯಾರಾಗುತ್ತದೆ, ಯಾವ ದಾರಿಯಲ್ಲಿ ಸಾಗುತ್ತದೆ, ಎಲ್ಲಿ ಕೂಡಿಕೊಳ್ಳುತ್ತದೆ, ಎಲ್ಲಿ ಖರ್ಚಾಗುತ್ತದೆ ಎಂಬ ಒಂದೇ ಜಾಡು ಹಿಡಿದು ಹೋದರೆ ಆರೂ ಭಾಗಗಳು ತಾವಾಗಿ ಜೋಡಿಕೊಳ್ಳುತ್ತವೆ. ಆದ್ದರಿಂದ ಪಾಠವನ್ನು ಬೇರಿನಿಂದಲ್ಲ, ಎಲೆಯಿಂದ ಶುರುಮಾಡಿ ಎಂಬುದು ನನ್ನ ಮೊದಲ ಸಲಹೆ.

ಗಿಡ ಮಣ್ಣನ್ನೇ ತಿಂದು ಬೆಳೆಯುತ್ತದೆ ಎಂದು ದೊಡ್ಡ ದೊಡ್ಡ ವಿದ್ವಾಂಸರೂ ಬಹುಕಾಲ ನಂಬಿದ್ದರು. ಅದನ್ನು ತಕ್ಕಡಿ ಹಿಡಿದು ಪರೀಕ್ಷಿಸಿದವರು ಈಗಿನ ಬೆಲ್ಜಿಯಂ ಪ್ರದೇಶದ ಯಾನ್ ಬಾಪ್ಟಿಸ್ಟಾ ಫಾನ್ ಹೆಲ್ಮಾಂಟ್. ಒಣಗಿಸಿ ತೂಗಿದ 200 ಪೌಂಡ್ ಮಣ್ಣಿನಲ್ಲಿ, ಅಂದರೆ ಸುಮಾರು 90 ಕಿಲೋ ಮಣ್ಣಿನಲ್ಲಿ, 5 ಪೌಂಡ್ ತೂಕದ ವಿಲ್ಲೊ ಸಸಿ ನೆಟ್ಟು ಐದು ವರ್ಷ ನೀರು ಮಾತ್ರ ಹಾಕಿದರು. ಕೊನೆಗೆ ಮರ 169 ಪೌಂಡ್ ದಾಟಿತ್ತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾಗಿದ್ದುದು ಸುಮಾರು 2 ಔನ್ಸ್, ನಮ್ಮ ಲೆಕ್ಕದಲ್ಲಿ 57 ಗ್ರಾಂ. ಅವರು ತೀರಿಕೊಂಡ ನಾಲ್ಕು ವರ್ಷಗಳ ನಂತರ, 1648ರಲ್ಲಿ, ಈ ಪ್ರಯೋಗ ಅಚ್ಚಾಯಿತು. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವರು ತೀರ್ಮಾನಿಸಿದ್ದರು. ಅರ್ಧ ಸರಿ. ಗಾಳಿಯ ಪಾಲು ಅವರ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದು, "ಉಳಿದ 164 ಪೌಂಡ್ ಎಲ್ಲಿಂದ ಬಂತು?" ಎಂದು ಕೇಳಿ ಸುಮ್ಮನಿರಿ. ಉತ್ತರವನ್ನು ಅವಸರದಿಂದ ಹೇಳಬೇಡಿ. ಆಮೇಲೆ ಒಂದು ಹಿಡಿ ಒಣಗಿದ ಎಲೆಯನ್ನು ತಗಡಿನ ತಟ್ಟೆಯಲ್ಲಿ ನೀವೇ ಸುಟ್ಟು ತೋರಿಸಿ. ಕೊನೆಗೆ ಉಳಿಯುವುದು ಚಿಟಿಕೆ ಬೂದಿ. ಆ ಬೂದಿಯಲ್ಲಿರುವುದು ಬೇರು ಮಣ್ಣಿನಿಂದ ತಂದ ಖನಿಜ. ಹೊಗೆಯಾಗಿ, ಆವಿಯಾಗಿ ಹೋದದ್ದರಲ್ಲಿ ಬಹುಪಾಲು ಒಂದು ಕಾಲದಲ್ಲಿ ಗಾಳಿ ಮತ್ತು ನೀರಾಗಿತ್ತು. ಗೊಬ್ಬರ ಆಹಾರವಲ್ಲ, ಆಹಾರ ತಯಾರಿಸುವುದಕ್ಕೂ ಮೈ ಕಟ್ಟಿಕೊಳ್ಳುವುದಕ್ಕೂ ಬೇಕಾದ ಖನಿಜಗಳ ಮೂಲ ಎಂಬುದನ್ನು ಇಲ್ಲೇ ಸ್ಪಷ್ಟಪಡಿಸಬಹುದು.

ಈಗ ಎಲೆ. ಎಲೆ ಗಿಡದ ಅಡುಗೆಮನೆ ಎಂಬ ಹೋಲಿಕೆ ಎಲ್ಲ ಕಡೆ ಬಳಕೆಯಲ್ಲಿದೆ, ಅದರಲ್ಲಿ ಕೆಡುಕೇನೂ ಇಲ್ಲ. ಆದರೆ ಅಡುಗೆಮನೆಯಲ್ಲಿ ಅಕ್ಕಿ ಅನ್ನವಾಗುತ್ತದೆ. ಒಳಗೆ ಬಂದದ್ದೂ ಆಹಾರ, ಹೊರಗೆ ಹೋದದ್ದೂ ಆಹಾರ. ಎಲೆಯೊಳಗೆ ಬರುವುದು ನೀರು ಮತ್ತು ಇಂಗಾಲದ ಡೈಆಕ್ಸೈಡ್. ಎರಡೂ ಆಹಾರವಲ್ಲ. ಬೆಳಕಿನ ಶಕ್ತಿಯನ್ನು ಎಲೆಯ ಹಸಿರು ವಸ್ತುವಾದ ಪತ್ರಹರಿತ್ತು ಹಿಡಿದುಕೊಟ್ಟಾಗ ಅವುಗಳಿಂದ ಸಕ್ಕರೆ ಹುಟ್ಟುತ್ತದೆ, ಆಮ್ಲಜನಕ ಹೊರಬೀಳುತ್ತದೆ. ಈ ವ್ಯತ್ಯಾಸ ಹೇಳದೆ ಹೋಲಿಕೆಯನ್ನಷ್ಟೇ ಕೊಟ್ಟರೆ, ಬೇರು ಸಾಮಾನು ತರುತ್ತದೆ, ಎಲೆ ಬೇಯಿಸುತ್ತದೆ ಎಂದು ಮಗು ತಿಳಿಯುತ್ತದೆ. ಹಳೆಯ ತಪ್ಪು ಹೊಸ ವೇಷದಲ್ಲಿ ಉಳಿದುಬಿಡುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಸುಮಾರು 0.04 ಪ್ರತಿಶತ ಮಾತ್ರ. ಇಷ್ಟು ತೆಳುವಾಗಿ ಹರಡಿರುವುದನ್ನು ಹಿಡಿಯಬೇಕಾದರೆ ಮೈ ಅಗಲವಾಗಿರಬೇಕು, ದಪ್ಪ ಕಡಿಮೆ ಇರಬೇಕು. ಎಲೆ ಚಪ್ಪಟೆಯಾಗಿರುವುದು ಏಕೆಂದು ಮಕ್ಕಳೇ ಹೇಳಲಿ.

ಎಲೆಯ ಹೊರಗಿನ ಭಾಗಗಳಲ್ಲಿ ತೊಟ್ಟು, ನಡುನರ, ಕವಲುನರ, ಅಂಚು ಇಷ್ಟು ಸಾಕು. ಕಣ್ಣಿಗೆ ಕಾಣದ ಒಂದು ಭಾಗವನ್ನು ಮಾತ್ರ ಹೇಳಲೇಬೇಕು: ಪತ್ರರಂಧ್ರ. ಎರಡು ಕಾವಲು ಕೋಶಗಳ ನಡುವಿನ ಸೀಳು ಅದು. ಗಾಳಿ ಬರುವುದೂ ನೀರಾವಿ ಹೋಗುವುದೂ ಅಲ್ಲಿಂದಲೇ. ಬಹುತೇಕ ಅಗಲ ಎಲೆಗಳಲ್ಲಿ ಇವು ತಳಭಾಗದಲ್ಲಿ ಹೆಚ್ಚು. ಒಂದೇ ಗಿಡದ ಒಂದೇ ಅಳತೆಯ ನಾಲ್ಕು ಎಲೆ ಕಿತ್ತು, ಒಂದಕ್ಕೆ ಮೇಲೆ ಮಾತ್ರ, ಇನ್ನೊಂದಕ್ಕೆ ಕೆಳಗೆ ಮಾತ್ರ, ಮೂರನೆಯದಕ್ಕೆ ಎರಡೂ ಕಡೆ ವ್ಯಾಸಲೀನ್ ಸವರಿ, ನಾಲ್ಕನೆಯದಕ್ಕೆ ಏನೂ ಸವರದೆ ದಾರಕ್ಕೆ ನೇತುಹಾಕಿ. ತೊಟ್ಟಿನ ಕತ್ತರಿಸಿದ ತುದಿಗೆ ಮಾತ್ರ ನಾಲ್ಕಕ್ಕೂ ವ್ಯಾಸಲೀನ್ ಬೇಕು. ಎರಡು ಮೂರು ದಿನದಲ್ಲಿ ಯಾವುದು ಮೊದಲು ಬಾಡಿತು, ಯಾವುದು ಕೊನೆಗೆ ಎಂಬುದೇ ಉತ್ತರ ಹೇಳುತ್ತದೆ.

ಎಲೆಯಲ್ಲಿ ಆಹಾರ ಇದೆ ಎಂದು ತೋರಿಸುವ ಅಯೋಡಿನ್ ಪರೀಕ್ಷೆ ಹಳೆಯದು. ಜರ್ಮನಿಯ ಯೂಲಿಯಸ್ ಝಾಕ್ಸ್ 1860ರ ದಶಕದಲ್ಲಿ ಬಳಕೆಗೆ ತಂದದ್ದು. ಎಲ್ಲ ಪುಸ್ತಕಗಳಲ್ಲೂ ಇದೆ, ಆದರೂ ತರಗತಿಯಲ್ಲಿ ಕೆಡುವುದು ಇದೇ ಹೆಚ್ಚು. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಕುಂಡದ ಗಿಡವನ್ನು 48 ಗಂಟೆ ಕತ್ತಲಲ್ಲಿಡಿ. ಎಲೆಯಲ್ಲಿದ್ದ ಪಿಷ್ಟ, ಅಂದರೆ ಸಕ್ಕರೆಯನ್ನು ಎಲೆ ಕೂಡಿಟ್ಟ ರೂಪ, ಖರ್ಚಾಗಲಿ. ಅಯೋಡಿನ್ ನೀಲಿಯಾಗಿಸುವುದು ಅದನ್ನೇ. ಆಮೇಲೆ ಎಲೆಯನ್ನು ಕೀಳದೆ ಅದರ ಒಂದು ಪಟ್ಟಿಗೆ ಮೇಲೂ ಕೆಳಗೂ ಕಪ್ಪು ಕಾಗದ ಒತ್ತಿ ಕ್ಲಿಪ್ ಹಾಕಿ, ನಾಲ್ಕರಿಂದ ಆರು ಗಂಟೆ ಬಿಸಿಲಿಗಿಡಿ. ಎಲೆ ಕಿತ್ತು ಒಂದು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ. ನಂತರ ಬೆಂಕಿ ಆರಿಸಿ. ಸ್ಪಿರಿಟ್ ತುಂಬಿದ ಪ್ರನಾಳದಲ್ಲಿ ಎಲೆ ಹಾಕಿ, ಆ ಪ್ರನಾಳವನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಸ್ಪಿರಿಟ್ ಅನ್ನು ಯಾವ ಕಾರಣಕ್ಕೂ ಉರಿಯ ಮೇಲೆ ಇಡಬಾರದು. ಅದರಲ್ಲಿರುವ ಆಲ್ಕೋಹಾಲ್ 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಆವಿಗೆ ತಟ್ಟನೆ ಬೆಂಕಿ ಹತ್ತುತ್ತದೆ. ಈ ಹಂತ ಶಿಕ್ಷಕರ ಕೆಲಸ, ಮಕ್ಕಳು ದೂರದಿಂದ ನೋಡಲಿ. ಐದರಿಂದ ಹತ್ತು ನಿಮಿಷದಲ್ಲಿ ಎಲೆ ಬಿಳಿಚುತ್ತದೆ, ಗರಿಗರಿಯಾಗುತ್ತದೆ. ಬಿಸಿನೀರಿನಲ್ಲಿ ಮತ್ತೊಮ್ಮೆ ಅದ್ದಿ ಮೆದು ಮಾಡಿ, ಬಿಳಿ ತಟ್ಟೆಯಲ್ಲಿ ಹರಡಿ, ತೆಳು ಕಂದು ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿದ ಅಯೋಡಿನ್ ಹನಿಸಿ. ಬೆಳಕು ಬಿದ್ದ ಭಾಗ ಕಡುನೀಲಿಯಾಗುತ್ತದೆ, ಮುಚ್ಚಿದ ಪಟ್ಟಿ ಕಂದಾಗಿ ಉಳಿಯುತ್ತದೆ.

ಎಲೆಯೆಲ್ಲ ನೀಲಿಯಾದರೆ ಕತ್ತಲಲ್ಲಿಟ್ಟ ಅವಧಿ ಸಾಲಲಿಲ್ಲ ಎಂದರ್ಥ, ಅಥವಾ ಕಾಗದದ ಅಂಚಿನಿಂದ ಬೆಳಕು ನುಗ್ಗಿದೆ. ಎಲ್ಲಿಯೂ ನೀಲಿ ಬರದಿದ್ದರೆ ಮೊದಲು ಎಲೆ ಯಾವುದೆಂದು ನೋಡಿ. ಈರುಳ್ಳಿಯ ಎಲೆ ಪಿಷ್ಟ ಮಾಡಿಡುವುದಿಲ್ಲ, ಸಕ್ಕರೆಯಾಗಿಯೇ ಇಟ್ಟುಕೊಳ್ಳುತ್ತದೆ. ಹಲವು ಹುಲ್ಲುಗಳಲ್ಲೂ ಪಿಷ್ಟ ಕಡಿಮೆ. ಮೇಣ ಬಳಿದಂತಿರುವ ದಪ್ಪ ಎಲೆಗಳಲ್ಲಿ ಹಸಿರು ಪೂರ್ತಿ ಹೋಗುವುದಿಲ್ಲ, ಬಣ್ಣ ಗೊತ್ತಾಗುವುದಿಲ್ಲ. ತೆಳುವಾದ ಅಗಲ ಎಲೆಯೇ ಸರಿ. "ಕೆಂಪು ಎಲೆ ಆಹಾರ ತಯಾರಿಸುವುದಿಲ್ಲವೇ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೆಂಪು ದಂಟಿನ ಎಲೆಯನ್ನು ಬಿಸಿನೀರಿಗೆ ಹಾಕಿ ತೋರಿಸಿ. ಕೆಂಪು ನೀರಿಗೆ ಇಳಿಯುತ್ತದೆ, ಅಡಗಿದ್ದ ಹಸಿರು ಮೇಲೆ ಬರುತ್ತದೆ.

ಇನ್ನೊಂದು ಪ್ರಯೋಗದ ಬಗ್ಗೆ ಎಚ್ಚರಿಕೆ ಹೇಳಬೇಕು. ಎಲೆಯನ್ನು ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟು, ಮೇಲೆ ಮೂಡುವ ಗುಳ್ಳೆ ತೋರಿಸಿ "ನೋಡಿ, ಎಲೆ ಉಸಿರಾಡುತ್ತಿದೆ" ಎನ್ನುವುದುಂಟು. ಇದರಲ್ಲಿ ಎರಡು ತೊಡಕುಗಳಿವೆ. ಆ ಗುಳ್ಳೆಯಲ್ಲಿ ಆಮ್ಲಜನಕ ಇದ್ದರೆ ಅದು ಉಸಿರಾಟದ್ದಲ್ಲ, ದ್ಯುತಿಸಂಶ್ಲೇಷಣೆಯದು, ಅಂದರೆ ಬೆಳಕಿನಿಂದ ಆಹಾರ ತಯಾರಿಸುವ ಕೆಲಸದ್ದು. ಜೊತೆಗೆ, ನೀರು ಬಿಸಿಯಾದಾಗ ಅದರಲ್ಲಿ ಕರಗಿದ್ದ ಗಾಳಿಯೇ ಗುಳ್ಳೆಯಾಗಿ ಹೊರಬರುತ್ತದೆ. ಪಕ್ಕದಲ್ಲಿ ಒಂದು ಕಲ್ಲು ಹಾಕಿಟ್ಟರೆ ಅದರ ಮೇಲೂ ಗುಳ್ಳೆ ಕೂರುತ್ತದೆ. ಹೈಡ್ರಿಲ್ಲಾದಂಥ ನೀರುಗಿಡ ಬಳಸಿ, ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ, ಒಂದು ಪಾತ್ರೆ ಬಿಸಿಲಿಗೆ, ಇನ್ನೊಂದು ನೆರಳಿಗೆ ಇಟ್ಟು ಹೋಲಿಸಿ. ಕಾಂಡದ ಕತ್ತರಿಸಿದ ತುದಿಯಿಂದ ಗುಳ್ಳೆಗಳು ಸಾಲಾಗಿ ಏಳುವುದು ಬೆಳಕಿನಲ್ಲಿ ಮಾತ್ರ. ಬೆಳಕು ಬೇಕು, ಅದೂ ಹಸಿರು ಭಾಗದಲ್ಲಿ ಮಾತ್ರ ಈ ಕೆಲಸ ನಡೆಯುತ್ತದೆ ಎಂದು ಡಚ್ ವೈದ್ಯ ಯಾನ್ ಇಂಗನ್‌ಹೌಸ್ 1779ರಲ್ಲಿ ತೋರಿಸಿಕೊಟ್ಟರು.

ಗಿಡ ಹಗಲು ದ್ಯುತಿಸಂಶ್ಲೇಷಣೆ ಮಾಡುತ್ತದೆ, ರಾತ್ರಿ ಉಸಿರಾಡುತ್ತದೆ ಎಂಬ ವಾಕ್ಯವನ್ನು ದಯವಿಟ್ಟು ಬಿಡಿ. ಉಸಿರಾಟ ಹಗಲೂ ರಾತ್ರಿಯೂ, ಬೇರಿನಿಂದ ಹೂವಿನವರೆಗೆ ಎಲ್ಲ ಜೀವಂತ ಭಾಗಗಳಲ್ಲೂ ನಡೆಯುತ್ತದೆ. ಹಗಲಿನಲ್ಲಿ ತಯಾರಿಕೆ ಜೋರಾಗಿರುವುದರಿಂದ ಉಸಿರಾಟದ ಇಂಗಾಲದ ಡೈಆಕ್ಸೈಡ್ ಒಳಗೇ ಬಳಕೆಯಾಗಿ ಹೊರಗೆ ಕಾಣುವುದಿಲ್ಲ, ಅಷ್ಟೆ. ಇದನ್ನು ತೋರಿಸಲು ಎರಡು ಥರ್ಮಾಸ್ ಫ್ಲಾಸ್ಕ್ ಸಾಕು. ಒಂದರಲ್ಲಿ ಆಗಷ್ಟೇ ಮೊಳೆತ ಕಾಳು, ಇನ್ನೊಂದರಲ್ಲಿ ಬೇಯಿಸಿ ಆರಿಸಿದ ಕಾಳು. ಬಾಯಿಗೆ ಹತ್ತಿ ತುರುಕಿ, ಉಷ್ಣಮಾಪಕ ಇಳಿಬಿಡಿ. ಬಿಗಿಯಾದ ಮುಚ್ಚಳ ಹಾಕಿದರೆ ಗಾಳಿಯಿಲ್ಲದೆ ಮೊಳಕೆ ಸಾಯುತ್ತದೆ. ಮರುದಿನಕ್ಕೆ ಜೀವಂತ ಮೊಳಕೆಯ ಫ್ಲಾಸ್ಕ್ ಬೆಚ್ಚಗಾಗಿರುತ್ತದೆ. ಬೆಂದ ಕಾಳನ್ನು ಸೋಂಕುನಿವಾರಕ ಹಾಕಿದ ನೀರಿನಲ್ಲಿ ತೊಳೆಯದಿದ್ದರೆ ಎರಡನೇ ದಿನ ಅದೂ ಬೆಚ್ಚಗಾಗುತ್ತದೆ, ಏಕೆಂದರೆ ಅಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಉಸಿರಾಡತೊಡಗಿರುತ್ತವೆ.

ಎಲೆಯಲ್ಲಿ ಆದ ಸಕ್ಕರೆ ಎಲ್ಲ ಕಡೆ ಹೋಗಬೇಕು, ಎಲೆಗೆ ನೀರು ಬರಬೇಕು. ಕಾಂಡದ ಎರಡು ಕೊಳವೆ ವ್ಯವಸ್ಥೆಗಳ ಅಗತ್ಯ ಇಲ್ಲಿ ತಾನಾಗಿ ಮುಂದೆ ಬರುತ್ತದೆ. ಕ್ಸೈಲಂ ನೀರು ಮತ್ತು ಖನಿಜವನ್ನು ಮೇಲಕ್ಕೆ ತರುತ್ತದೆ. ಫ್ಲೋಯಂ ಸಕ್ಕರೆಯನ್ನು ಬೇಕಾದ ಕಡೆಗೆ, ಬೇರಿಗೂ ತುದಿಚಿಗುರಿಗೂ ಕಾಯಿಗೂ ಒಯ್ಯುತ್ತದೆ. ಬಣ್ಣದ ನೀರಿನ ಪ್ರಯೋಗ ತೋರಿಸುವುದು ಕ್ಸೈಲಂ ಮಾತ್ರ. ಇದನ್ನು ಹೇಳದಿದ್ದರೆ ಆಹಾರವೂ ಕೆಳಗಿನಿಂದಲೇ ಬರುತ್ತದೆ ಎಂಬ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಬಿಳಿ ಸೇವಂತಿಗೆ ಅಥವಾ ಗೌರಿಹೂವಿನ (ಬಾಲ್ಸಂ) ಗಿಡ ಒಳ್ಳೆಯದು, ಗೌರಿಹೂವಿನ ಕಾಂಡದಲ್ಲಿ ಬಣ್ಣ ಏರುವುದು ಹೊರಗಿನಿಂದಲೇ ಕಾಣುತ್ತದೆ. ಅರ್ಧ ಲೋಟ ನೀರಿಗೆ ಆಹಾರದ ಬಣ್ಣ 20 ಹನಿಯಾದರೂ ಬೇಕು, ತೆಳುವಾದರೆ ದಳದಲ್ಲಿ ಕಾಣುವುದಿಲ್ಲ. ಕಾಂಡವನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಿ. ಗಾಳಿಯಲ್ಲಿ ಕತ್ತರಿಸಿದರೆ ಕೊಳವೆಗೆ ಗಾಳಿಗುಳ್ಳೆ ಸೇರಿ ನೀರಿನ ಎಳೆ ತುಂಡಾಗುತ್ತದೆ. ಗಾಳಿಯಾಡುವ, ಬೆಳಕಿರುವ ಕಡೆ ಇಡಿ. ಎಲೆ ಮತ್ತು ದಳಗಳಿಂದ ನೀರು ಆವಿಯಾಗಿ ಹೋಗುವುದೇ, ಅಂದರೆ ಬಾಷ್ಪವಿಸರ್ಜನೆಯೇ, ಕೆಳಗಿನ ನೀರನ್ನು ಎಳೆಯುತ್ತದೆ. ಹಾಗಾಗಿ ತೇವದ ಮುಚ್ಚಿದ ಕೋಣೆಯಲ್ಲಿ ಬಣ್ಣ ಏರುವುದು ತಡ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಪಾಲು ಹೀಗೆ ಗಾಳಿಗೇ ಹೋಗುತ್ತದೆ. ಆಹಾರ ತಯಾರಿಕೆಗೆ ನೇರವಾಗಿ ಬಳಕೆಯಾಗುವುದು ತೀರಾ ಸ್ವಲ್ಪ.

ಬೇರಿನ ಬಗ್ಗೆ ತಾಯಿಬೇರು, ತಂತುಬೇರು ಎಂದು ಚಿತ್ರ ಬರೆಸಿ ನಿಲ್ಲಿಸುತ್ತೇವೆ. ನಿಜವಾದ ಹೀರುವ ಕೆಲಸ ನಡೆಯುವುದು ತುದಿಯ ಸ್ವಲ್ಪ ಹಿಂದೆ ಇರುವ ಬೇರುರೋಮಗಳಲ್ಲಿ. 1937ರಲ್ಲಿ ಸಸ್ಯವಿಜ್ಞಾನಿ ಹೊವಾರ್ಡ್ ಡಿಟ್ಮರ್ ನಾಲ್ಕು ತಿಂಗಳ ಒಂದೇ ಒಂದು ರೈ (ಗೋಧಿಯಂಥ ಧಾನ್ಯ) ಗಿಡದ ಬೇರುಗಳನ್ನು ಅಳೆದು, ಒಟ್ಟು ಉದ್ದ ಸುಮಾರು 620 ಕಿಲೋಮೀಟರ್, ಬೇರುರೋಮ ಸುಮಾರು 1,400 ಕೋಟಿ ಎಂದು ಲೆಕ್ಕ ಹಾಕಿದರು. ಸಸಿಯನ್ನು ಮಣ್ಣಿನಿಂದ ಕಿತ್ತಾಗ ಇವೇ ಮೊದಲು ಹರಿಯುವುದು, ನಾಟಿ ಮಾಡಿದ ಸಸಿ ನೀರು ಹಾಕಿದರೂ ಒಂದೆರಡು ದಿನ ಬಾಡುವುದು ಅದಕ್ಕೇ. ಒದ್ದೆ ಕಾಗದದ ಮೇಲೆ ಮೊಳೆತ ಸಾಸಿವೆಯಲ್ಲಿ ಬೇರುರೋಮ ಬಿಳಿ ನವಿರಾಗಿ ಬರಿಗಣ್ಣಿಗೇ ಕಾಣುತ್ತದೆ. ಮಕ್ಕಳು ಅದನ್ನು ಬೂಸ್ಟೆಂದು ತಿಳಿದು ಒರೆಸಿಬಿಡುತ್ತಾರೆ, ಮೊದಲೇ ಹೇಳಿರಿ. ಬೇರೂ ಉಸಿರಾಡುತ್ತದೆ, ಅದಕ್ಕೆ ಮಣ್ಣಿನ ಸಂದುಗಳಲ್ಲಿ ಗಾಳಿ ಬೇಕು. ಕುಂಡದ ಗಿಡಗಳು ತರಗತಿಯಲ್ಲಿ ಸಾಯುವುದು ನೀರು ಕಡಿಮೆಯಾಗಿ ಅಲ್ಲ, ಹಲವು ಸಲ ಪ್ರತಿ ಮಗುವೂ ಒಂದೊಂದು ಲೋಟ ಹಾಕಿ ನೀರು ನಿಂತು.

ಕೂಡಿಟ್ಟ ಆಹಾರದ ಮಾತಿಗೆ ಬಂದರೆ, "ಮಣ್ಣೊಳಗಿರುವುದೆಲ್ಲ ಬೇರು" ಎಂಬ ಎಣಿಕೆಯನ್ನು ಇಲ್ಲಿ ಮುರಿಯಬೇಕು. ನೋಡಬೇಕಾದುದು ಗೆಣ್ಣು ಮತ್ತು ಮೊಗ್ಗು. ಆಲೂಗಡ್ಡೆಯ ಕಣ್ಣುಗಳು ಸುರುಳಿಯಾಗಿ ಜೋಡಿಸಿದ ಮೊಗ್ಗುಗಳು, ಹಾಗಾಗಿ ಅದು ಕಾಂಡ. ಬೆಳಕಿಗಿಟ್ಟರೆ ಹಸಿರಾಗುತ್ತದೆ, ಹಸಿರಾದದ್ದರಲ್ಲಿ ವಿಷಾಂಶ ಹೆಚ್ಚುವುದರಿಂದ ಯಾರೂ ತಿನ್ನಬಾರದು. ಶುಂಠಿಯೂ ಕಾಂಡ. ಈರುಳ್ಳಿಯ ಪದರಗಳು ಎಲೆಯ ಬುಡಗಳು, ಕಾಂಡವೆಂಬುದು ಕೆಳಗಿನ ಗಟ್ಟಿ ಬಿಲ್ಲೆ ಮಾತ್ರ. ಕ್ಯಾರೆಟ್ ಬೇರು. ಅದರ ತಲೆಯ ತುಂಡನ್ನು ನೀರಿನಲ್ಲಿಟ್ಟರೆ ಎಲೆ ಬರುತ್ತದಲ್ಲ ಎಂದರೆ, ಆ ತಲೆಯಲ್ಲಿ ಒಂದಿಷ್ಟು ಕಾಂಡ ಉಳಿದಿರುತ್ತದೆ; ನಡುವಿನ ತುಂಡನ್ನು ಪಕ್ಕದಲ್ಲೇ ಇಟ್ಟು ನೋಡಿ, ಎಲೆ ಬರುವುದಿಲ್ಲ. ಸಿಹಿಗೆಣಸನ್ನು ಮೊದಲ ಪಾಠಕ್ಕೆ ತರಬೇಡಿ. ಅದು ಬೇರೇ ಆದರೂ ಅದರಿಂದ ಹೊಸ ಚಿಗುರು ಹುಟ್ಟುತ್ತದೆ, ಕಟ್ಟಿದ ನಿಯಮವೆಲ್ಲ ಗೊಂದಲವಾಗುತ್ತದೆ.

ಬೀಜ ಮೊಳೆಯಿಸುವ ಪ್ರಯೋಗ ಎಲ್ಲರೂ ಮಾಡುತ್ತೀರಿ. ಒಂದೊಂದು ಲೋಟದಲ್ಲಿ ಒಂದೇ ಬೀಜ ಹಾಕಬೇಡಿ, ಹತ್ತು ಹಾಕಿ. ಕೆಲವು ಸತ್ತ ಬೀಜಗಳು ಇದ್ದೇ ಇರುತ್ತವೆ. ಒಂದು ಲೋಟ ಒದ್ದೆ, ಒಂದು ಒಣ, ಒಂದು ಎಂಟು ಹತ್ತು ಸೆಂಟಿಮೀಟರ್ ನೀರಿನಲ್ಲಿ ಮುಳುಗಿದ್ದು, ಒಂದು ಒದ್ದೆಯಾಗಿಯೇ ಫ್ರಿಜ್‌ನಲ್ಲಿ, ಒಂದು ಒದ್ದೆಯಾಗಿಯೇ ಕತ್ತಲಲ್ಲಿ. ಫ್ರಿಜ್‌ನೊಳಗೆ ಕತ್ತಲೂ ಇರುವುದರಿಂದ ಅದನ್ನು ಕತ್ತಲಿನ ಲೋಟದೊಡನೆಯೇ ಹೋಲಿಸಬೇಕು. ಮುಳುಗಿಸುವ ಲೋಟಕ್ಕೆ ಕುದಿಸಿ ಆರಿಸಿದ ನೀರು ಹಾಕಿ, ಇಲ್ಲದಿದ್ದರೆ ನೀರಿನಲ್ಲಿ ಕರಗಿದ ಗಾಳಿಯಿಂದಲೇ ಹೆಸರುಕಾಳು ಸ್ವಲ್ಪ ಮೊಳೆತು ಎಲ್ಲರನ್ನೂ ತಬ್ಬಿಬ್ಬು ಮಾಡುತ್ತದೆ. ನೆನೆಸುವುದು 8ರಿಂದ 12 ಗಂಟೆ ಸಾಕು. ಬೇಳೆ ಮೊಳೆಯುವುದಿಲ್ಲ, ಒಡೆಯುವಾಗ ಭ್ರೂಣ ಹೋಗಿರುತ್ತದೆ. ಬಣ್ಣ ಬಳಿದ ಬಿತ್ತನೆ ಬೀಜಕ್ಕೆ ಔಷಧ ಲೇಪಿಸಿರುತ್ತಾರೆ, ಹರಳು ಮತ್ತು ಗುಲಗಂಜಿಯ ಬೀಜಗಳಲ್ಲಿ ಸ್ವಾಭಾವಿಕವಾಗಿಯೇ ವಿಷವಿದೆ. ಇವು ಯಾವುವೂ ಮಕ್ಕಳ ಕೈಗೆ ಹೋಗಬಾರದು. ನೆನೆದ ಬೀನ್ಸ್ ಬೀಜ ಬಿಡಿಸಿದರೆ ಬೀಜಕವಚ, ಎರಡು ದಪ್ಪ ಬೀಜದಳ, ನಡುವೆ ಎಳೆ ಬೇರು, ಎಳೆ ಎಲೆ ಎಲ್ಲ ಕಾಣುತ್ತವೆ. ಮೊಳೆತಾಗ ಬೀನ್ಸ್‌ನ ಬೀಜದಳ ಮಣ್ಣಿನ ಮೇಲೆ ಬರುತ್ತದೆ, ಕಡಲೆಯದು ಮಣ್ಣಿನಲ್ಲೇ ಉಳಿಯುತ್ತದೆ. ಎರಡನ್ನೂ ಅಕ್ಕಪಕ್ಕ ಬೆಳೆಸಿ.

ಕತ್ತಲಲ್ಲಿಟ್ಟ ಸಸಿ ಬೆಳಕಿನ ಸಸಿಗಿಂತ ಉದ್ದವಾಗುತ್ತದೆ. "ಹಾಗಾದರೆ ಗಿಡಕ್ಕೆ ಕತ್ತಲೇ ಒಳ್ಳೆಯದು" ಎನ್ನುವ ಮಗು ಸರಿಯಾಗಿಯೇ ಅಳೆದಿದೆ, ಬೈಯಬೇಡಿ. ಅಳೆಯಬೇಕಾದದ್ದು ಉದ್ದವಲ್ಲ, ಒಣತೂಕ. 50 ಬೀನ್ಸ್ ಬೀಜಗಳನ್ನು ಕತ್ತಲಲ್ಲಿ ಹತ್ತು ದಿನ ಬೆಳೆಸಿ, ಬೇರು ಬೀಜದಳ ಸಮೇತ ಚೆನ್ನಾಗಿ ಒಣಗಿಸಿ ತೂಗಿ. ಮೊಳೆಯಿಸದ 50 ಬೀಜಗಳನ್ನೂ ಜಜ್ಜಿ ಅಷ್ಟೇ ಒಣಗಿಸಿ ತೂಗಿ. ಒಂದು ಗ್ರಾಂ ತೋರಿಸುವ ತಕ್ಕಡಿ ಸಾಕು. ಉದ್ದ ಸಸಿಗಳ ಒಣತೂಕ ಬೀಜಕ್ಕಿಂತ ಕಡಿಮೆ ಇರುತ್ತದೆ. ಬೀಜದಳದಲ್ಲಿ ಕೂಡಿಟ್ಟದ್ದು ಉಸಿರಾಟದಲ್ಲಿ ಕರಗಿದೆ, ಹೊಸದಾಗಿ ಒಂದಿಷ್ಟೂ ಸೇರಿಲ್ಲ.

ಹೂವಿಗೆ ದಾಸವಾಳವನ್ನೇ ಎಲ್ಲರೂ ತರುತ್ತಾರೆ. ಐದು ದಳದ ಒಂಟಿ ದಾಸವಾಳವಾದರೆ ಸರಿ. ಮುದ್ದೆ ದಾಸವಾಳದಲ್ಲಿ ಕೇಸರಗಳೇ ದಳಗಳಂತಾಗಿರುತ್ತವೆ, ಭಾಗ ಎಣಿಸಲು ಬರುವುದಿಲ್ಲ. ಸೂರ್ಯಕಾಂತಿ, ಚೆಂಡುಹೂ, ಸೇವಂತಿಗೆ ಒಂದೊಂದೂ ನೂರಾರು ಪುಟ್ಟ ಹೂಗಳ ಗೊಂಚಲು, ಮೊದಲ ದಿನಕ್ಕೆ ಬೇಡ. ಕಾಗದದ ಹೂವಿನ ಬಣ್ಣದ ಭಾಗ ದಳವೇ ಅಲ್ಲ, ಬಣ್ಣ ಬಂದ ಎಲೆ. ಕಣಗಿಲೆ, ದತ್ತೂರ ವಿಷದ ಗಿಡಗಳು, ತರಿಸಲೇಬೇಡಿ. ದಾಸವಾಳದಲ್ಲೂ ಒಂದು ಕೊರತೆ ಇದೆ: ತೋಟದ ದಾಸವಾಳ ಬಹುಮಟ್ಟಿಗೆ ಕಾಯಿ ಕಟ್ಟುವುದಿಲ್ಲ. ಅಂಡಾಶಯವೇ ಕಾಯಾಗುತ್ತದೆ ಎಂದು ಬಾಯಲ್ಲಿ ಹೇಳಬೇಕಾಗುತ್ತದೆ, ತೋರಿಸಲಾಗುವುದಿಲ್ಲ. ಅದಕ್ಕೆ ಬೆಂಡೆ ಹೂ ಉತ್ತಮ. ದಾಸವಾಳದ ಕುಟುಂಬದ್ದೇ ಆದ್ದರಿಂದ ರಚನೆ ಅದೇ: ಹೊರಗೆ ಪುಷ್ಪಪತ್ರ, ಐದು ದಳ, ಕೊಳವೆಯಾಗಿ ಕೂಡಿದ ಕೇಸರಗಳು, ಕೊಳವೆಯ ನಡುವೆ ಹಾದುಬಂದ ಶಲಾಕೆ, ಬುಡದಲ್ಲಿ ಅಂಡಾಶಯ.

ಬ್ಲೇಡ್ ಬೇಡ, ಬೆರಳಿನಿಂದಲೇ ಹೊರಗಿನಿಂದ ಒಳಗೆ ಒಂದೊಂದಾಗಿ ಬಿಡಿಸಿ ಕಾಗದಕ್ಕೆ ಅಂಟಿಸಲಿ. ಅಂಡಾಶಯವನ್ನು ಮಾತ್ರ ನೀವು ಅಡ್ಡ ಕತ್ತರಿಸಿ ಕೊಡಿ. ಒಳಗೆ ಸಾಲಾಗಿ ಕುಳಿತ ಬಿಳಿ ಚುಕ್ಕೆಗಳು ಅಂಡಕಗಳು, ಮುಂದೆ ಬೀಜಗಳಾಗುವಂಥವು. ಕೇಸರದ ಪರಾಗ ಶಲಾಕಾಗ್ರದ ಮೇಲೆ ಬೀಳುವುದು ಪರಾಗಸ್ಪರ್ಶ. ಅಲ್ಲಿಂದ ಪರಾಗನಾಳ ಕೆಳಗಿಳಿದು ಅಂಡಕವನ್ನು ತಲುಪಿದ ಮೇಲೆಯೇ ಫಲೀಕರಣ; ಇವೆರಡನ್ನೂ ಒಂದೇ ಎಂದು ಬರೆಸಬೇಡಿ. ಬೆಂಡೆ ಹೂ ಅರಳುವುದು ಒಂದೇ ದಿನ, ಆದ್ದರಿಂದ ಬೆಳಿಗ್ಗೆಯ ಮೊದಲ ತರಗತಿಗೇ ಇಟ್ಟುಕೊಳ್ಳಿ. ಗಿಡದಲ್ಲೇ ಬಿಟ್ಟ ಇನ್ನೊಂದು ಹೂವಿನ ತೊಟ್ಟಿಗೆ ಬಣ್ಣದ ದಾರ ಕಟ್ಟಿಸಿ, ದಿನವೂ ಅಂಡಾಶಯದ ಉದ್ದವನ್ನು ಸ್ಕೇಲಿನಿಂದ ಅಳೆದು ಬರೆಯಲಿ. ಐದಾರು ದಿನದಲ್ಲಿ ಅದು ಎಳೆಕಾಯಾಗುತ್ತದೆ. ಅದರ ಸಕ್ಕರೆ ಎಲ್ಲಿಂದ ಬಂತು, ಯಾವ ಕೊಳವೆಯಲ್ಲಿ ಬಂತು ಎಂದು ಆಗ ಕೇಳಿ.